ಸಂಬಂಧ ತಪ್ಪಿಸಿದ ಮಲೆಬೆನ್ನೂರಿನ ಅಜ್ಜಿ

ಕೆಲಸ ಮಾಡಿಕೊಟ್ಟವರನ್ನು ನೆನೆಯುವುದು ಸುಲಭ. ನಾವು ಆಸೆಪಟ್ಟು ಹಿಡಿದ ಕೆಲಸವನ್ನು ಕೆಡಿಸಿದವರಿಗೆ ಕೈಮುಗಿಯುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂದಿದೆ. ಮದುವೆ ಕೂಡಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ನಾನು ನಂಬಿದ್ದೆ. ನಾನು ಕೂಡಿಸಿದ ದಂಪತಿಗಳು ಎದುರು ಸಿಕ್ಕರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದರು. ಅದನ್ನು ಸಂಕೋಚ ಎಂದು ತಿಳಿದಿದ್ದೆ.

ಈ ಸಲ ಕೈಗೆ ಸಿಕ್ಕವಳು ನನ್ನ ತಂಗಿಯ ಮಗಳು ಸುಮಾ. ಹರಿಹರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತ, ಪಿಎಚ್.ಡಿ. ಮಾಡುತ್ತಿದ್ದಾಳೆ. ಅದು ಮುಗಿಯುವ ತನಕ ಮದುವೆ ಬೇಡ ಎಂದು ಅವಳು ಹೇಳಿದ್ದು ನಿಜ. ಹೆಣ್ಣುಮಕ್ಕಳು ಮೊದಲು ಹಾಗೇ ಅನ್ನುವುದು ಎಂದು ತಂಗಿಗೆ ಧೈರ್ಯ ಹೇಳಿ, ಮಲೆಬೆನ್ನೂರಿನ ರೈಸ್ ಮಿಲ್ಲಿನವರ ಹುಡುಗನನ್ನು, ಅವನ ತಂದೆ ಮತ್ತು ಅಜ್ಜಿಯನ್ನು ಒಂದು ಭಾನುವಾರ ಸರಸ್ವತಿ ನಗರದ ನಮ್ಮ ಮನೆಗೆ ಕರೆಸಿಯೇಬಿಟ್ಟೆ.

ಮಳೆ, ಭತ್ತದ ರೇಟು, ಕಾಲುವೆ ನೀರು ಎಲ್ಲದರ ಮಾತೂ ಮುಗಿಯಿತು. ಸುಮಾ ಮಂಡಕ್ಕಿ, ಮಿರ್ಚಿ ಕೊಟ್ಟು ತಲೆ ತಗ್ಗಿಸಿ ಕೂತಳು. ನಾನು ಎದ್ದು ಟಿ.ವಿ. ಹಾಕಿದೆ. ನಮ್ಮ ರಿಮೋಟಿಗೆ ತನ್ನದೇ ಮರ್ಜಿ. ಕನ್ನಡ ಒತ್ತಿದರೆ ತಮಿಳು ಹಿಡಿದು ಕೂತಿತು. ಕಪ್ಪು ಬಿಳುಪಿನ ಹಳೇ ಸಿನಿಮಾ. ಅಂಗೈಗೆ ಬಡಿದೆ, ಬ್ಯಾಟರಿ ತಿರುವಿದೆ, ಜಪ್ಪಯ್ಯ ಅಂದರೂ ಚಾನೆಲ್ ಬದಲಾಗಲಿಲ್ಲ. ಅಜ್ಜಿ ಮಾತ್ರ ಅದೇ ಇರಲಿ ಎಂದರು. ಅವರ ಯಜಮಾನರು ಹರಿಹರದ ಕಾರ್ಖಾನೆಯಲ್ಲಿದ್ದಾಗ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕ ತಮಿಳರೇ ಇದ್ದರಂತೆ, ಈ ಸಿನಿಮಾವನ್ನು ಅವರ ಜೊತೆಯೇ ನೋಡಿದ್ದರಂತೆ.

ಕಥೆಯನ್ನೂ ಅವರೇ ಹೇಳತೊಡಗಿದರು. ಬಹಳ ಹಿಂದೆ ತಮಿಳುನಾಡಿನಲ್ಲಿದ್ದ ಕವಯಿತ್ರಿಯ ಕಥೆ. ಚಿಕ್ಕ ವಯಸ್ಸಿನಲ್ಲೇ ಅವಳಿಗೆ ಮದುವೆ ಗೊತ್ತು ಮಾಡುತ್ತಾರೆ. ಅವಳಿಗೋ ಪದ್ಯ ಕಟ್ಟಿಕೊಂಡು ಊರೂರು ತಿರುಗುವ ಆಸೆ. ಹೇಳಿದರೆ ಕೇಳುವವರಿಲ್ಲ. ಕೊನೆಗೆ ದೇವರ ಮುಂದೆ ಅತ್ತು, ನನ್ನನ್ನು ಮುದುಕಿ ಮಾಡಿಬಿಡು ಎಂದು ಬೇಡುತ್ತಾಳೆ. ನೋಡನೋಡುತ್ತ ಕೂದಲು ಬೆಳ್ಳಗಾಗುತ್ತದೆ.

ಅಲ್ಲಿಗೆ ಅಜ್ಜಿ ಮಾತು ನಿಲ್ಲಿಸಿದರು. ಸುಮಾಳ ಕಣ್ಣಲ್ಲಿ ನೀರಿತ್ತು. ಮಿರ್ಚಿ ಕರಿದ ಹೊಗೆ ಎಂದುಕೊಂಡೆ ನಾನು. ಅಜ್ಜಿ ಹಾಗಂದುಕೊಳ್ಳಲಿಲ್ಲ. ಅವಳ ಪಕ್ಕಕ್ಕೆ ಸರಿದು ಕೈ ಹಿಡಿದುಕೊಂಡರು.

"ತಾಯಿ, ನಿಂಗೆ ಈ ಮದುವೆ ಬೇಕೋ ಬ್ಯಾಡೋ?"

ಸುಮಾ ನನ್ನ ಮುಖ ನೋಡಿದಳು.

"ಮಾಮನ್ನ ನೋಡಬ್ಯಾಡ. ನನ್ನ ನೋಡಿ ಹೇಳು."

"ಈಗ ಬ್ಯಾಡ ಅಜ್ಜಿ. ಓದೋದು ಐತೆ."

"ಅಷ್ಟು ಹೇಳಿದ್ರೆ ಸಾಕಲ್ಲ. ಅದಕ್ಕೆ ಮುದುಕಿ ಯಾಕ ಆಗ್ಬೇಕು?" ಎಂದು ಅಜ್ಜಿ ಅವಳ ತಲೆ ಸವರಿದರು.

ಹುಡುಗನಿಗೆ ಬೇಸರವಾದಂತೆ ಕಾಣಲಿಲ್ಲ. ಇನ್ನೊಂದು ಮಿರ್ಚಿ ತೆಗೆದುಕೊಂಡ. ಎಲ್ಲರೂ ಸಿನಿಮಾ ಪೂರ್ತಿ ನೋಡಿ, ಸಂತೋಷವಾಗಿಯೇ ಹೊರಟುಹೋದರು. ಸಿಟ್ಟು ಬಂದದ್ದು ನನಗೊಬ್ಬನಿಗೆ. ಮರುದಿನ ತಂಗಿ ಫೋನ್ ಮಾಡಿ, ಸುಮಾ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು ಎಂದಾಗ ಆ ಸಿಟ್ಟು ಇಳಿಯಿತು. ನಾನು ಪಟ್ಟು ಹಿಡಿದಿದ್ದರೆ ಆ ಹುಡುಗಿ ನನ್ನ ಮರ್ಯಾದೆಗಾಗಿ ಹೂಂ ಅಂದುಬಿಡುತ್ತಿದ್ದಳು. ನಾನು ಚಪ್ಪರದ ಕೆಳಗೆ ಓಡಾಡಿಕೊಂಡು ಎಲ್ಲರಿಂದ ಭೇಷ್ ಅನ್ನಿಸಿಕೊಳ್ಳುತ್ತಿದ್ದೆ. ಅದರಿಂದ ನಮ್ಮಿಬ್ಬರನ್ನೂ ಉಳಿಸಿದವರು ಆ ಅಜ್ಜಿ.

ಕಳೆದ ತಿಂಗಳು ಸುಮಾಳನ್ನು ಕರೆದುಕೊಂಡು ಹೋಗಿ ಅವರಿಗೆ ಕೈಮುಗಿದು ಬಂದೆ. ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ನಾವು ಹೊರಡುವ ಹೊತ್ತಿಗೆ ಅಜ್ಜಿ, ಭಾನುವಳ್ಳಿಯಲ್ಲಿರುವ ತಮ್ಮ ಮಗಳ ಮಗಳಿಗೆ ಯಾವುದಾದರೂ ಹುಡುಗ ಇದ್ದರೆ ನೋಡಿ ಎಂದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಮೊದ್ಲು ಹುಡುಗೀನ ಒಂದ್ಮಾತು ಕೇಳ್ರಿ ಅಜ್ಜಿ. ಅನುಭವದ ಮೇಲೆ ಹೇಳ್ತೀನಿ, ಅದು ಬಾಳ ಮುಖ್ಯ."

"ಹೌದಲ್ರಿ, ನಮಗೆ ಹೊಳೀಲೇ ಇಲ್ಲ ನೋಡ್ರಿ" ಎಂದು ಅಜ್ಜಿ ವಿನಯದಿಂದ ಒಪ್ಪಿಕೊಂಡರು.

ವಾಪಸು ಬರುವಾಗ ಬಸ್ಸು ಹರಿಹರ ಮುಟ್ಟುವವರೆಗೂ ಸುಮಾ ಕಿಟಕಿಯ ಕಡೆ ತಿರುಗಿ ನಗುತ್ತಲೇ ಇದ್ದಳು. ದೊಡ್ಡವರು ನನ್ನ ಸಲಹೆಗೆ ಎಷ್ಟು ಬೆಲೆ ಕೊಡುತ್ತಾರೆ ನೋಡು ಎಂದು ನಾನು ಅವಳಿಗೆ ದಾರಿಯುದ್ದಕ್ಕೂ ವಿವರಿಸಿದೆ.