ಮುಚ್ಚಿದ ವಿಂಡೋ ಮತ್ತು ಎರಡನೇ ಹಾಲಿನ ಪ್ಯಾಕೆಟ್ಟು

ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸವನ್ನು ನೆಂಟರಿಗೆ ವಿವರಿಸಲು ಹೋಗಿ ಹಲವು ಸಲ ಸೋತಿದ್ದೇನೆ. ಆದರೂ ನಿಮಗೆ ಹೇಳುತ್ತೇನೆ. ಡೆಸ್ಕ್‌ಟಾಪಿನಲ್ಲಿ ನೀವು ಒಂದು ವಿಂಡೋ ಮುಚ್ಚುತ್ತೀರಿ. ಅದು ಕಣ್ಣಿಗೆ ಕಾಣದಾಗುತ್ತದೆ, ಆದರೆ ಒಮ್ಮೊಮ್ಮೆ ಕಂಪ್ಯೂಟರಿನ ಮೆಮೊರಿಯಲ್ಲಿ ಹಿಡಿದ ಜಾಗ ಬಿಟ್ಟು ಕದಲುವುದಿಲ್ಲ. ಹೀಗೆ ಕಾಣದ ವಿಂಡೋಗಳು ಒಂದರ ಪಕ್ಕ ಒಂದು ಕೂತು, ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರು ಏದುಸಿರು ಬಿಡತೊಡಗುತ್ತದೆ. ಇದಕ್ಕೆ ಮೆಮೊರಿ ಲೀಕ್ ಎನ್ನುತ್ತಾರೆ. ಸೋರುವುದು ಏನೂ ಇಲ್ಲ, ತುಂಬಿಕೊಳ್ಳುತ್ತದೆ. ಹೆಸರಿಟ್ಟವರು ನನ್ನಂಥವರೇ ಯಾರೋ ಇರಬೇಕು.

ನಾನು ಬರೆದ, ಎಕ್ಸ್‌ರೇ ನೋಡುವ ತಂತ್ರಾಂಶಕ್ಕೂ ಈ ರೋಗವಿತ್ತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಮೈಸೂರಿನ ಪೂರ್ಣಿಮಾ ನಿನ್ನೆ ಪರದೆ ತೋರಿಸಿದಳು. "ಸರ್, ವಿಂಡೋ ಮುಚ್ಚೋವಾಗ ಟೈಮರ್‌ಗೆ ಹೇಳೇ ಇಲ್ವಲ್ಲ ನೀವು. ಅದು ಪಾಪ, ಪ್ರತಿ ನಿಮಿಷ ಹೋಗಿ ಬಾಗಿಲು ತಟ್ತಾ ಇದೆ." ಟೈಮರ್ ಎಂದರೆ ಹೊತ್ತು ಹೊತ್ತಿಗೆ ವಿಂಡೋವನ್ನು ಎಬ್ಬಿಸುವ ಗಡಿಯಾರ. ತಟ್ಟುವವರು ಇರುವ ತನಕ ಒಳಗೆ ಯಾರೋ ಇದ್ದಾರೆಂದೇ ಕಂಪ್ಯೂಟರು ನಂಬಿ, ಜಾಗ ಖಾಲಿ ಮಾಡಿಸುವುದಿಲ್ಲವಂತೆ. ಇನ್ನು ತಟ್ಟಬೇಡ ಎಂದು ಒಂದು ಸಾಲು ಬರೆದೆ, ಸರಿಹೋಯಿತು.

ಮನೆಯಲ್ಲಿ ಅಷ್ಟು ಸುಲಭವಿಲ್ಲ. ಹೆಂಡತಿ ಶಾರದೆಗೆ ವಿಜಯಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಾಗಿನಿಂದ ತೆಲುಗು ನಾಡಿನ ಮೆಹದಿಪಟ್ಟಣದ ಮನೆಯಲ್ಲಿ ನಾನೊಬ್ಬನೇ. ಹಾಲು ಮಾತ್ರ ಅವಳಿದ್ದಾಗಿನಂತೆಯೇ ದಿನಾ ಎರಡು ಪ್ಯಾಕೆಟ್ ಬರುತ್ತದೆ. ಫ್ರಿಜ್ಜಿನ ತುಂಬ ಮೊಸರಿನ ಡಬ್ಬಿಗಳು. "ಒಂದು ಬಂದ್ ಮಾಡಸ್ರಿ. ಯಾರದಾರ ಅಲ್ಲೆ ಕುಡಿಯಾಕ?" ಎಂದು ಅವಳು ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ಬೆಳಿಗ್ಗೆ ಹಾಲಿನ ಮಲ್ಲೇಶ ಬಾಗಿಲಿಗೆ ಬಂದು, "ಮೇಡಂ ಎಪ್ಪುಡೊಸ್ತಾರು ಸಾರ್?" ಎನ್ನುತ್ತಾನೆ. ಮೇಡಂ ಯಾವಾಗ ಬರುತ್ತಾರೆಂದು ಈ ಊರಿನಲ್ಲಿ ಕೇಳುವವನು ಅವನೊಬ್ಬನೇ. ಪ್ಯಾಕೆಟ್ ನಿಲ್ಲಿಸಿದರೆ ಅವನೂ ಕೇಳುವುದನ್ನು ಬಿಡುತ್ತಾನೆ. ಬರುವ ವಾರ ಎಂದು ಹೇಳಿ ಎರಡನ್ನೂ ತೆಗೆದುಕೊಳ್ಳುತ್ತೇನೆ. ಅವಳಿಲ್ಲದ ಮನೆ ನನಗೆ ಸಾಕಾಗಿಹೋಗಿದೆ. ಬಾಯಿಬಿಟ್ಟು ಹೇಳಿದರೆ ಆಸೆಪಟ್ಟು ಹಿಡಿದ ಕೆಲಸ ಬಿಟ್ಟು ಬಂದಾಳೆಂದು ಹೆದರಿಕೆ.

ನಿನ್ನೆ ಸಂಜೆ ಆಫೀಸಿನ ಹುಮ್ಮಸ್ಸಿನಲ್ಲಿ ಅವಳಿಗೆ ಫೋನಿನಲ್ಲಿ, "ಒಂದು ಪ್ಯಾಕೆಟ್ ಬಂದ್ ಮಾಡಿಸೀನಿ" ಎಂದು ಸುಳ್ಳು ಹೇಳಿಬಿಟ್ಟೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

"ಮಾಡಿಸೇ ಬಿಟ್ರೇನು?" ಎಂದಳು. ದನಿ ಸಣ್ಣದಾಗಿತ್ತು.

"ಇಲ್ಲ ಬಿಡು, ಇನ್ನೂ ಎರಡೂ ಬರಾಕತ್ತಾವ."

"ನಿಮಗ ಯಾವಾಗ ಬುದ್ಧಿ ಬರ್ತೈತ್ರಿ? ಅಷ್ಟು ಹಾಲು ಹಾಳು ಮಾಡಾಕತ್ತೀರಿ" ಎಂದು ಶುರು ಮಾಡಿದಳು. ಅವಳು ಅಷ್ಟು ಖುಷಿಯಿಂದ ಬೈದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಲೀಕ್ ನಿಲ್ಲಿಸುವುದಕ್ಕೆಂದೇ ಸಂಬಳ ಪಡೆಯುವ ನಾನು, ಬೈಸಿಕೊಳ್ಳುತ್ತಲೇ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿಕೊಂಡೆ.