ಬೇರು ಮೆಂಬರು

ನಮ್ಮ ಚಿಕ್ಕಪ್ಪನಷ್ಟು ಬೇಸಾಯ ಬಲ್ಲ ರಾಜಕಾರಣಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ. ಅವರು ಕೆಟ್ಟಿದ್ದೂ ಅದರಿಂದಲೇ. ಬೇಸಾಯ ಗೊತ್ತಿಲ್ಲದಿದ್ದರೆ ಮಂತ್ರಿಯೇ ಆಗುತ್ತಿದ್ದರೋ ಏನೋ!

ಅರವತ್ತರ ದಶಕದಲ್ಲಿ ತೂಬಗೆರೆ ಕಡೆಯಿಂದ ತಾಲ್ಲೂಕು ಬೋರ್ಡಿಗೆ ಗೆದ್ದರು. ಉಳಿದ ಮೆಂಬರುಗಳು ರಸ್ತೆ, ಮೋರಿ, ಕಂಟ್ರಾಕ್ಟು ಅಂತ ಮಾತಾಡಿದರೆ, ಇವರು ಎದ್ದು ನಿಂತು ತಿಪ್ಪೆಗುಂಡಿ ಎಷ್ಟು ಆಳ ಇರಬೇಕು ಅಂತ ಮುಕ್ಕಾಲು ಗಂಟೆ ಹೇಳೋರು. ಇವರು ಮಾತಿಗೆ ಎದ್ದರೆ ಮಿಕ್ಕವರು ಕಾಫಿಗೆ ಏಳೋರು. ಬೀಗರೂಟಕ್ಕೆ ಹೋದರಂತೂ ಮುದ್ದೆ ಮುರಿದು ಮೂಸಿ ನೋಡಿ, ಇದು ಯಾವ ತಳಿ ರಾಗಿ, ಯಾರ ಹೊಲದ್ದು ಅಂತ ಹೆಣ್ಣಿನ ತಂದೆಯನ್ನು ವಿಚಾರಿಸೋರು. ಮಗಳನ್ನು ಕಳಿಸಿಕೊಡುವ ಸಂಕಟದಲ್ಲಿರುವ ಮನುಷ್ಯ ಏನು ಹೇಳಬೇಕು?

ಹೀಗಿರುವಾಗ ಹೊಸ ತಳಿಯ ರಾಗಿ ನೋಡಲು ಮಂತ್ರಿಗಳೊಬ್ಬರು ಘಾಟಿ ಕಡೆ ಬಂದರು. ರಸ್ತೆ ಪಕ್ಕದ ಹೊಲದಲ್ಲಿ ಸೊಂಟದೆತ್ತರ ಬೆಳೆ, ಮುಷ್ಟಿ ಗಾತ್ರದ ತೆನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ಮಾತ್ರ ಬದುವಿನಿಂದ ಇಳಿದು ಒಂದು ಪೈರನ್ನು ಎರಡೇ ಬೆರಳಲ್ಲಿ ಎಳೆದರು. ಬೇರುಸಮೇತ ಬಂತು. ಇನ್ನೊಂದು ಎಳೆದರು. ಅದೂ ಬಂತು. ಮಂತ್ರಿಗಳಿಗೆ ತೋರಿಸಲೆಂದು ಅಧಿಕಾರಿಗಳು ಯಾರದೋ ಹೊಲದ ಬೆಳೆ ಕಿತ್ತು ತಂದು ನೆಟ್ಟಿದ್ದರು.

"ಸ್ವಾಮಿ, ಈ ರಾಗಿನೂ ನಿಮ್ಮ ಹಾಗೆ ಇವತ್ತು ಬೆಳಿಗ್ಗೆ ಬಂದಿದ್ದು" ಅಂದರು.

ಜನ ನಕ್ಕರು, ನಾನೂ ನಕ್ಕೆ. ಮಂತ್ರಿಗಳು ನಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಪಕ್ಷದವರು ಚಿಕ್ಕಪ್ಪನ ಕೈಬಿಟ್ಟರು. ಊರವರು ಕೈಬಿಡಲಿಲ್ಲ, 'ಬೇರು ಮೆಂಬರು' ಅಂತ ಹೆಸರಿಟ್ಟು ಹೋದಲ್ಲಿ ಬಂದಲ್ಲಿ ನಕ್ಕರು.

ಬೇಸಾಯ ಸಮಿತಿ ಅಂತ ಒಂದು ಆದಾಗ, ಅಧ್ಯಕ್ಷಗಿರಿ ಬಟ್ಟೆ ಅಂಗಡಿ ಸಾಹುಕಾರರೊಬ್ಬರಿಗೆ ಹೋಯಿತು. ಕಡಲೆಕಾಯಿ ಗಿಡದ ಮೇಲೆ ಬಿಡುತ್ತೋ ಮಣ್ಣೊಳಗೋ ಅಂತ ಚಿಕ್ಕಪ್ಪನನ್ನೇ ಕೇಳಿದ ಪುಣ್ಯಾತ್ಮರು ಅವರು. ಕೇಳಿದ್ದಷ್ಟೇ ಅಲ್ಲ, ತಮ್ಮ ಭಾಷಣಗಳನ್ನೂ ಬರೆದುಕೊಡಿ ಅಂದರು. ಚಿಕ್ಕಪ್ಪ ಒಪ್ಪಿಬಿಟ್ಟರು! ನಿಮಗೆ ಮಾನ ಮರ್ಯಾದೆ ಇಲ್ಲವಾ ಅಂತ ನಾನು ರೇಗಿದೆ.

"ಯಾರ ಬಾಯಿಂದಾದರೂ ಸರಿ, ರೈತನ ಕಿವಿಗೆ ಬಿದ್ದರೆ ಸಾಕು ಬಿಡೋ" ಅಂದರು. ಹಾಗನ್ನುವಾಗ ನನ್ನ ಮುಖ ನೋಡಲಿಲ್ಲ.

ಆರು ವರ್ಷ ಬರೆದರು. ಬರೆದದ್ದನ್ನು ಮೊದಲು ಚಿಕ್ಕಮ್ಮನಿಗೆ ಓದಿ ಹೇಳೋರು. ಓದು ಬಾರದ ಆಕೆ ಅವರೆಕಾಯಿ ಸುಲಿಯುತ್ತಾ ಕೇಳೋಳು, ಅರ್ಥವಾಗದ್ದನ್ನು ತಿದ್ದಿಸೋಳು. ಅಧ್ಯಕ್ಷರ ಹೆಸರು ಜಿಲ್ಲೆಗೆಲ್ಲ ಹಬ್ಬಿತು. ಎಪ್ಪತ್ತರ ದಶಕದಲ್ಲಿ ಹೊಸಕೋಟೆಯಲ್ಲಿ ಅವರಿಗೊಂದು ಸನ್ಮಾನವೂ ಆಯಿತು. ಹೋಗಲೇಬೇಕು ಅಂತ ಚಿಕ್ಕಪ್ಪ ಹಟ ಹಿಡಿದರು. ಚಿಕ್ಕಪ್ಪ, ಚಿಕ್ಕಮ್ಮ, ನಾನು ಮೂವರೂ ಹೋಗಿ ಕಟ್ಟಕಡೆಯ ಸಾಲಿನಲ್ಲಿ ಕೂತೆವು. ಕರೆದು ಮುಂದೆ ಕೂರಿಸುವವರು ಯಾರಿದ್ದರು?

ಅಧ್ಯಕ್ಷರು ಶಾಲು ಹೊದ್ದು ಓದತೊಡಗಿದರು. ತಿರುಗಿ ನೋಡಿದರೆ ಚಿಕ್ಕಪ್ಪನ ತುಟಿ ಒಂದೊಂದು ಮಾತಿಗೂ ಸದ್ದಿಲ್ಲದೆ ಆಡುತ್ತಿತ್ತು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಿಕ್ಕಪ್ಪನೂ ತಟ್ಟಲು ಕೈ ಎತ್ತಿದರು.

ನಾಲ್ಕು ಜನರೆದುರು ಗಂಡನ ಪಕ್ಕ ಕೂರಲೂ ನಾಚುತ್ತಿದ್ದ ಚಿಕ್ಕಮ್ಮ ಆ ಕೈ ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು.

"ನೀವು ಮನೇಲಿ ಓದಿದ್ದೇ ಚೆನ್ನಾಗಿತ್ತು ಕಣ್ರೀ" ಅಂದಳು.

ಬಸ್ಸು ಹತ್ತುವವರೆಗೂ ಚಿಕ್ಕಪ್ಪ ಅವಳ ಕೈಯನ್ನು ಬಿಡಲಿಲ್ಲ.