ಗ್ವಾಡಿ ತಿಂದ ಹುಡುಗಿ

ಶಾಲೆ ಮಕ್ಕಳ ತಪಾಸಣೆಗೆಂದು ನಾಲ್ಕು ತಾಲೂಕು ಅಲೆಯುವ ಡಾಕ್ಟರ್ ನಾನು. ನಗು ಬರುವಂಥದ್ದು ದಿನಾ ಒಂದಿಲ್ಲೊಂದು ಎದುರಾಗುತ್ತದೆ. ನಕ್ಕು ಜೀಪು ಹತ್ತಿದ ಮೇಲೆ ಸಿಟ್ಟು ಬರುತ್ತದೆ, ಅದೂ ದಿನಾ. ಒಂದು ಕಡೆ ಕೂಡ್ರದ ಜೀವ ನನ್ನದು. ಮೂರು ಖಂಡ ಸುತ್ತಿ ಬಂದೆ, ಯಾರೂ ಬಡಿಗೆ ಹಿಡಿದು ‘ಕೂಡ್ರು’ ಅನ್ನಲಿಲ್ಲ. ಎಂಟು ವರ್ಷದ ಒಬ್ಬ ಹುಡುಗಿಗೆ ಮಾತ್ರ ನಾಲ್ಕು ತಾಲೂಕೂ ಸೇರಿ ಹಾಗಂದವು.

ಇಂಡಿ: ಚಾಕ್ ಕಳ್ಳಿ

ಸಾಲೋಟಗಿ ಕಡೆಯ ಒಂದು ಶಾಲೆ. ಹೆಡ್‌ಮಾಸ್ತರರು ಹುಡುಗಿಯನ್ನು ರಟ್ಟೆ ಹಿಡಿದು ತಂದು ನಿಲ್ಲಿಸಿದರು.

“ಒಂದು ಮಿಂಟ್ ಕುಂದ್ರಂಗಿಲ್ರಿ ಮೇಡಂ. ಹೇಳಿದ್ದು ತಲಿಗೆ ಹೋಗಂಗಿಲ್ಲ. ಮ್ಯಾಲೆ ಚಾಕ್ ಕದ್ದು ತಿಂತಾಳ. ಹೊಡದು ಹೊಡದು ನನ್ನ ಕೈ ನೋವಾತು.”

ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿರಬೇಕಾದಲ್ಲಿ ಬಿಳಿ.

“ಮೈಯಾಗ ಕಬ್ಬಿಣಾಂಶ ಕಡಿಮಿ ಆದ್ರ ಮಕ್ಕಳು ಚಾಕ್, ಮಣ್ಣು ತಿಂತಾವ್ರಿ. ಲಕ್ಷ್ಯ ನಿಲ್ಲಂಗಿಲ್ಲ, ಕೈಕಾಲು ಸುಮ್ಮನಿರಂಗಿಲ್ಲ. ಮೊದಲ ರಕ್ತ ತಪಾಸ ಮಾಡಸ್ರಿ.”

ಅವರು ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ಸಲ ಹೋದಾಗ ಹುಡುಗಿಯೇ ಇಲ್ಲ. ‘ಬ್ಯಾರೆ ಸಾಲಿಗೆ ಹಚ್ಚರಿ’ ಎಂದು ಮನೆಯವರಿಗೆ ಹೇಳಿ ಸಾಗಹಾಕಿದ್ದರು. ರಕ್ತ ತಪಾಸಣೆಯೂ ಆಗಿರಲಿಲ್ಲ. ಚಾಕ್ ಡಬ್ಬಿಗೆ ಮಾತ್ರ ಭರ್ಜರಿ ಬೀಗ ಬಿದ್ದಿತ್ತು.

ಸಿಂದಗಿ: ಮೊಬೈಲ್ ಡಾಕ್ಟರಿಣಿ

ಅದೇ ಹುಡುಗಿ ಸಿಂದಗಿಯ ಶಾಲೆಯಲ್ಲಿ ಸಿಕ್ಕಳು, ಈಗ ಅವಳನ್ನು ಇಟ್ಟುಕೊಂಡಿದ್ದ ಸೋದರತ್ತೆಯ ಜೊತೆ. ಅತ್ತೆ ನನಗೇ ಪಾಠ ಹೇಳಿದಳು.

“ಇದಕ್ಕ ಎಡಿಎಚ್‌ಡಿ ಐತ್ರಿ, ಲಕ್ಷ್ಯ ನಿಲ್ಲದ ಬ್ಯಾನಿ. ನಾ ಮೊಬೈಲ್‌ನ್ಯಾಗ ನೋಡೀನಿ.”

“ಇದ್ದರೂ ಇರಬಹುದು. ಮೊಬೈಲ್ ಹೇಳೂದಲ್ರಿ ಅದು, ಕುಂತು ಪರೀಕ್ಷೆ ಮಾಡಿ ಹೇಳಬೇಕು. ಆ ತೊಂದರಿ ಇರೋ ಎಷ್ಟೋ ಮಕ್ಕಳಿಗೆ ಕಬ್ಬಿಣಾಂಶನೂ ಕಡಿಮಿ ಇರ್ತೈತಿ. ಅದು ಕಡಿಮಿ ಇದ್ರ ಕಾಟ ಇನ್ನೂ ಹೆಚ್ಚಾಗಬಹುದು. ಏನು ತಿಂತಾಳ?”

“ಮುಂಜಾನೆ ಚಹಾ-ಚಪಾತಿ. ಸಂಜಿಗೆ ಚಹಾ-ಟೋಸ್ಟ್. ರಾತ್ರಿ ಊಟ ಒಲ್ಲೆ ಅಂದ್ರ ಮತ್ತ ಚಹಾ-ಚಪಾತಿ.”

“ಪಲ್ಲೆ? ಕಾಳು?”

“ಅಷ್ಟೊತ್ತು ಎಲ್ಲಿ ಕುಂತು ಉಣ್ತಾಳ್ರಿ? ಎಡಿಎಚ್‌ಡಿ ಐತಲ್ಲ!”

ಮುದ್ದೇಬಿಹಾಳ: ಏಕಾಗ್ರತೆ

ಅತ್ತೆಗೂ ಸಾಕಾಗಿ ಹುಡುಗಿ ಮುದ್ದೇಬಿಹಾಳದ ಸೋದರಮಾವನ ಪಾಲಾದಳು. ಮಾವ ಏಕಾಗ್ರತೆ ಕಲಿಸುವ ಕ್ಲಾಸಿಗೆ ಹಚ್ಚಿದ. ಗೋಡೆಯ ಮೇಲೊಂದು ಕರಿ ಚುಕ್ಕೆ. ಕಣ್ಣು ಮಿಟುಕಿಸದೆ ಅದನ್ನೇ ನೋಡುವುದು, ಅಷ್ಟೇ ವಿದ್ಯೆ. ನಾನು ಆ ಊರಿಗೆ ಹೋದ ದಿನ ಕ್ಲಾಸಿನ ಗುರುಗಳೇ ಅವಳನ್ನು ಎಳೆದುಕೊಂಡು ಬಂದರು.

“ಚುಕ್ಕಿ ನೋಡು ಅಂತ ಹೇಳಿ ಹೊರಗ ಹೋಗಿದ್ನಿರಿ. ಬಂದು ನೋಡ್ತೇನಿ, ಗ್ವಾಡಿ ಸುಣ್ಣ ಕೆರಕೊಂಡು ತಿಂದಾಳ! ಚುಕ್ಕಿ ಎಲ್ಲಿ ಅಂದ್ರ ಹೊಟ್ಯಾಗ ಅಂತಾಳ್ರಿ!”

ಮನಗೂಳಿ: ಸುತ್ತೆಲ್ಲ ಕಬ್ಬಿಣ

ನಕ್ಕೆ. ಆಮೇಲೆ ಹುಡುಗಿಯ ತಾಯಿಗೆ ಫೋನ್ ಹಚ್ಚಿ, ರಕ್ತ ಯಾಕೆ ತಪಾಸ ಮಾಡಿಸಿಲ್ಲವೆಂದು ಒದರಿದೆ. ಆಕೆ ಅತ್ತಳು. “ಇನ್ನ ನಮ್ಮವ್ವನ ಮನಿ ಒಂದ ಉಳದೈತ್ರಿ. ಅಲ್ಲೂ ಆಗಲಿಲ್ಲಂದ್ರ ಸಾಲಿ ಬಿಡಸೂದ ಅಂತ ಅವರಪ್ಪ ಹೇಳ್ಯಾರ.”

ಆ ಅಜ್ಜಿಯದು ಬಸವನ ಬಾಗೇವಾಡಿ ತಾಲೂಕಿನ ಮನಗೂಳಿ. ನಾನೇ ಹುಡುಕಿಕೊಂಡು ಹೋದೆ. ದೃಷ್ಟಿಯಾಗಿದೆ ಎಂದು ಹುಡುಗಿಯ ಕೈಗೆ ಕಬ್ಬಿಣದ ಬಳೆ, ತಲೆದಿಂಬಿನ ಕೆಳಗೆ ಅಡಕತ್ತರಿ, ಹೊಸ್ತಿಲಿಗೆ ಕುದುರೆ ಲಾಳ. ರಕ್ತ ತೆಗೆಸಿ ನೋಡಿದರೆ ಮೈಯೊಳಗಿನ ಕಬ್ಬಿಣದ ದಾಸ್ತಾನು ಹೆಚ್ಚುಕಡಿಮೆ ಖಾಲಿ.

“ಯಮ್ಮಾ, ಹುಡುಗಿ ಸುತ್ತ ಕಬ್ಬಿಣದ ಅಂಗಡಿ ಇಟ್ಟೀರಿ. ಒಳಗ ಗುಂಡುಸೂಜಿಯಷ್ಟೂ ಇಲ್ಲ!” ಎಂದು ಬೈದು ಕಬ್ಬಿಣಾಂಶದ ಔಷಧ ಕೊಟ್ಟು ಬಂದೆ. ಕೆಲವು ವಾರ ಬಿಟ್ಟು ಹೋದರೆ ಒಂದಿಷ್ಟೂ ಗುಣವಿಲ್ಲ.

“ಒಂದ ದಿನಾನೂ ತಪ್ಪಿಸಿಲ್ಲವಾ,” ಅಂದಳು ಅಜ್ಜಿ. “ಬಾಯಿ ಕೆಡತೈತಿ ಅಂತ ಚಹಾದಾಗ ಕಲಸಿ ಕೊಟ್ಟೇನಿ.”

ತಲೆ ಚಚ್ಚಿಕೊಂಡೆ. “ಚಹಾ ಆ ಔಷಧ ಮೈಗೆ ಹತ್ತಗೊಡಂಗಿಲ್ಲ! ನಿಂಬಿಹಣ್ಣಿನ ಪಾನಕದ ಜೋಡಿ ಕೊಡ್ರಿ. ಕೂಸಿಗೆ ಚಹಾ ಬಂದ್.”

ಅಜ್ಜಿ ಮೊಮ್ಮಗಳನ್ನು ಮರುಕದಿಂದ ನೋಡಿದಳು. “ಚಹಾ ಇಲ್ದ ಬದುಕಿ ಏನ್ ಮಾಡಬೇಕವಾ ಇದು!”

ಮತ್ತೆ ಇಂಡಿ

ಚಹಾ ಬಿಡಿಸಿ ಕೆಲವು ತಿಂಗಳು ಔಷಧ ಕುಡಿಸಿದ ಮೇಲೆ ತಂದೆ-ತಾಯಿ ಅವಳನ್ನು ಹಳೆಯ ಶಾಲೆಗೇ ತಂದು ಹಚ್ಚಿದರು. ನಾನು ಹೋದ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಗೊಂಬೆಯೇನೂ ಆಗಿರಲಿಲ್ಲ, ಕಾಲು ಇನ್ನೂ ಕುಣಿಯುತ್ತಿತ್ತು. ಆದರೆ ಪಾಠ ಮುಗಿಯುವವರೆಗೆ ಎದ್ದಿರಲಿಲ್ಲ. ಬೀಗವಿಲ್ಲದೆ ಮೇಜಿನ ಮೇಲಿಟ್ಟ ಚಾಕಿಗೆ ಕೈ ಹಚ್ಚಿರಲಿಲ್ಲ.

ಹೆಡ್‌ಮಾಸ್ತರರು ಎದೆಯುಬ್ಬಿಸಿದರು. “ನೋಡ್ರಿ ಮೇಡಂ, ಅವತ್ತು ಕೊಟ್ಟ ಏಟು ಇವತ್ತು ಕೆಲಸ ಮಾಡಾಕತ್ತಾವು.”

ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅದನ್ನು ಆಡುವ ಮೊದಲೇ ಹುಡುಗಿ ಎದ್ದು ನಿಂತಳು.

“ಸರ್, ಚಾಕ್ ತಿಂದಿದ್ದಕ್ಕ ಹೊಡದ್ರಿ. ಯಾಕ ತಿಂತಿ ಅಂತ ಯಾಕ ಕೇಳಲಿಲ್ರಿ?”

ಹೆಡ್‌ಮಾಸ್ತರರು ಬೆವರು ಒರೆಸಿಕೊಂಡು, ನನ್ನನ್ನು ಬಾಗಿಲ ಹೊರಗೆ ಕರೆದು ದನಿ ತಗ್ಗಿಸಿದರು.

“ಕುಂದ್ರೂದೇನೋ ಕುಂತಾಳ್ರಿ ಮೇಡಂ. ಈ ಪ್ರಶ್ನಿ ಕೇಳೂದು ನಿಲ್ಲಾಕ ಏನರ ಗುಳಿಗಿ ಐತೇನ್ರಿ?”